ಚರಂಡಿಗೆ ಕಾವಲಿದ್ದ ನಮ್ಮತ್ತೆ

ನಮ್ಮತ್ತೆಗೆ ಗಂಡ ಇದ್ದಾರೆ, ಮಗ ಇದ್ದಾರೆ, ಸಾಕ್ಷಾತ್ ನನ್ನಂಥ ಸೊಸೆಯೂ ಇದ್ದಾಳೆ. ಆದರೆ ಅವರ ಪ್ರಾಣ ಇರುವುದು ಮಾತ್ರ ಮನೆ ಮುಂದಿನ ಚರಂಡಿಯಲ್ಲಿ! ಅಜ್ಜಿ ಕಥೆಯ ರಾಕ್ಷಸರು ತಮ್ಮ ಪ್ರಾಣವನ್ನು ಏಳು ಸಮುದ್ರದಾಚೆ ಗಿಳಿಯೊಳಗೆ ಬಚ್ಚಿಡುತ್ತಿದ್ದರಂತೆ. ನಮ್ಮತ್ತೆಗೆ ಅಷ್ಟೆಲ್ಲ ತಾಪತ್ರಯ ಇಲ್ಲ. ಹೊಸ್ತಿಲು ದಾಟಿ ಬಗ್ಗಿದರೆ ಸಾಕು, ಪ್ರಾಣ ಕೈಗೇ ಸಿಗುತ್ತದೆ.

ಅತ್ತೆಯನ್ನು ಆಡಿಕೊಳ್ಳುತ್ತಿದ್ದಾಳೆ ನೋಡಿ ಅಂತ ಮೂಗು ಮುರಿಯಬೇಡಿ. ಅತ್ತೆಯನ್ನು ಆಡಿಕೊಳ್ಳದ ಸೊಸೆ ಎಲ್ಲಾದರೂ ಇದ್ದರೆ ಹೇಳಿ, ಹೋಗಿ ಅವಳ ಕಾಲಿಗೆ ಬಿದ್ದು ಬರುತ್ತೇನೆ. ಅದೂ ಅಲ್ಲದೆ ನನಗೆ ಹಕ್ಕಿದೆ. ನಾನು ಈ ಮನೆ ಸೇರಿದ್ದೇ ಚರಂಡಿಯ ದೆಸೆಯಿಂದ!

ನನ್ನ ತವರು ಮೊಳಕಾಲ್ಮೂರು. ನಮ್ಮಪ್ಪ ರೇಷ್ಮೆ ನೂಲಿಗೆ ಬಣ್ಣ ಹಾಕುವ ಕಡೆ ಕೂಲಿಗೆ ಹೋಗುತ್ತಿದ್ದರು. ಅವರ ಉಗುರು ನೋಡಿದರೆ ಆ ವಾರ ಮಗ್ಗಕ್ಕೆ ಯಾವ ಬಣ್ಣದ ಸೀರೆ ಏರುತ್ತದೆ ಅಂತ ಹೇಳಿಬಿಡಬಹುದಿತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಚಳ್ಳಕೆರೆಯಿಂದ ಗಂಡಿನ ಕಡೆಯವರು ಬಸ್ಸಿನಲ್ಲಿ ನನ್ನನ್ನು ನೋಡಲು ಬಂದರು. ಹುಡುಗ ಕಡಲೆಕಾಯಿ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ, ಅವರಪ್ಪನೂ ಅದೇ ಮಿಲ್ಲು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಎಲ್ಲ ತಯಾರಾಗಿತ್ತು. ನಾನು ತಲೆತುಂಬ ಹೂ ಮುಡಿದು, ತಟ್ಟೆ ಹಿಡಿದು, ಕಲಿಸಿಕೊಟ್ಟಿದ್ದಷ್ಟೇ ನಾಚಿಕೆಯನ್ನು ಮುಖದ ಮೇಲೆ ಇಟ್ಟುಕೊಂಡು ಪಡಸಾಲೆಗೆ ಬಂದೆ. ಹುಡುಗ ಇದ್ದಾನೆ, ಹುಡುಗನ ಅಪ್ಪ ಇದ್ದಾರೆ, ಅಮ್ಮ ಇಲ್ಲ!

ಅಮ್ಮ ಹೊರಗಿದ್ದರು. ನಮ್ಮ ಮನೆ ಮುಂದಿನ ಮೋರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಒಳಗೆ ಬಗ್ಗಿ ನೋಡುತ್ತಿದ್ದರು. ಮೋರಿಯಲ್ಲಿ ಅವತ್ತು ಗಿಳಿಹಸಿರು ಬಣ್ಣದ ನೀರು ಹರಿಯುತ್ತಿತ್ತು. ನಮಗದೇನು ಹೊಸದಲ್ಲ. ಸೋಮವಾರ ಹಸಿರಾದರೆ ಬುಧವಾರ ನೇರಳೆ.

"ಈ ನೀರು ಎಲ್ಲಿಗೆ ಹೋಗ್ತದ್ರಿ?" ಅಂದರು ನಮ್ಮಪ್ಪನಿಗೆ.

"ಮುಂದಕ್ಕೆ ಹೋಗ್ತದಮ್ಮ."

"ಮುಂದಕ್ಕೆ ಅಂದ್ರೆ?"

ನಮ್ಮಪ್ಪ ಜನ್ಮದಲ್ಲಿ ಅದನ್ನು ಯೋಚಿಸಿದವರಲ್ಲ. "ಮುಂದಕ್ಕೆ ಅಂದ್ರೆ... ಇನ್ನೂ ಮುಂದಕ್ಕೆ!"

ಗಡಿಯ ಕಡೆಯ ನಮ್ಮವ್ವನಿಗೆ ಸಿಟ್ಟು ಬಂದರೆ ಬಾಯಿಗೆ ತೆಲುಗೇ ಬರುವುದು. "ಪಿಲ್ಲ ಇಕ್ಕಡ ಉಂದಿ ಕದಾ!" ಅಂತ ಗೊಣಗಿದಳು. ಹುಡುಗಿ ಇಲ್ಲಿದ್ದಾಳಲ್ಲ, ಅಲ್ಲೇನು ನೋಡ್ತಾರೆ ಅಂತ ಅವಳ ಸಂಕಟ. ಕೊನೆಗೂ ಒಳಗೆ ಬಂದು ಕೂತ ನಮ್ಮತ್ತೆ ನನ್ನ ಹತ್ತಿರ ಹಾಡು ಕೇಳಲಿಲ್ಲ, ಅಡುಗೆ ಕೇಳಲಿಲ್ಲ, ಮುಖ ಎತ್ತಿಸಿ ನೋಡಲೂ ಇಲ್ಲ. "ಬಟ್ಟೆ ಒಗೆದ ನೀರು ಎಲ್ಲಿಗೆ ಚೆಲ್ತೀಯಮ್ಮ?" ಅಂದರು.

"ಹಿತ್ತಲಲ್ಲಿ ನುಗ್ಗೆಗಿಡಕ್ಕೆ," ಅಂದೆ.

"ಹುಡುಗಿ ನಮಗೆ ಒಪ್ಪಿಗೆ!" ಅಂತ ಎದ್ದೇ ಬಿಟ್ಟರು. ಹುಡುಗ ಇನ್ನೂ ಬಜ್ಜಿ ಬಾಯಿಗೆ ಹಾಕಿಕೊಂಡು ಬಿಸಿಗೆ ಒದ್ದಾಡುತ್ತಿದ್ದ. ಅವನ ಅಭಿಪ್ರಾಯವನ್ನು ಇವತ್ತಿಗೂ ಯಾರೂ ಕೇಳಿಲ್ಲ. ವರೋಪಚಾರಕ್ಕೆ ಏನು ಕೊಡಬೇಕು ಅಂತ ನಮ್ಮಪ್ಪ ಅಳುಕುತ್ತ ಕೇಳಿದರೆ, "ಆ ನುಗ್ಗೆಗಿಡದ್ದು ಒಂದು ಕೊಂಬೆ ಕಡಿದು ಕಳಿಸ್ರಿ, ಹಿತ್ತಲಲ್ಲಿ ನೆಡ್ತೀನಿ," ಅಂದರು. ಹೀಗೆ ನಾನೂ ನುಗ್ಗೆಕೊಂಬೆಯೂ ಒಂದೇ ಬಸ್ಸಿನಲ್ಲಿ ಚಳ್ಳಕೆರೆಗೆ ಬಂದಿಳಿದೆವು. ಬಸ್ಸಿನಲ್ಲಿ ಅತ್ತೆಯ ತೊಡೆಯ ಮೇಲೆ ಕೂತು ಬಂದದ್ದು ಕೊಂಬೆ!

ಚಳ್ಳಕೆರೆಯ ಮಳೆಯ ಬಗ್ಗೆ ಎರಡು ಮಾತು ಹೇಳಬೇಕು. ಎರಡೇ ಸಾಕು, ಅದಕ್ಕಿಂತ ಹೆಚ್ಚು ಹೇಳುವಷ್ಟು ಮಳೆ ಅಲ್ಲಿ ಬರುವುದಿಲ್ಲ. ಬರುವ ಅಷ್ಟೂ ಮಳೆ ಹೇಳದೆ ಕೇಳದೆ ಧೋ ಅಂತ ಬಂದು, ಒಣಗಿಸಿದ ಬಟ್ಟೆ ಎತ್ತಿಕೊಳ್ಳುವಷ್ಟರಲ್ಲಿ ಹೊರಟುಹೋಗುತ್ತದೆ. ಮಿಕ್ಕ ತಿಂಗಳೆಲ್ಲ ಚರಂಡಿ ಒಣಗಿ ಬಾಯಿ ಬಿಟ್ಟುಕೊಂಡು ಬಿದ್ದಿರುತ್ತದೆ. ಬಾಯಿ ಬಿಟ್ಟಿದ್ದನ್ನು ಕಂಡ ಮೇಲೆ ಜನ ಸುಮ್ಮನಿರುತ್ತಾರೆಯೇ? ಹಾಲಿನ ಕವರು, ಗುಟ್ಕಾ ಚೀಟಿ, ದಾಡಿ ಬ್ಲೇಡು, ಕೂದಲುಂಡೆ, ಗೋಡೆಗೆ ಹೊಡೆದು ಮಿಕ್ಕ ಬಣ್ಣ, ಎಲ್ಲವನ್ನೂ ಅದಕ್ಕೆ ಉಣ್ಣಿಸುತ್ತಾರೆ. ಮಳೆ ಬಂದಾಗ ಎಲ್ಲ ಕೊಚ್ಚಿಕೊಂಡು ಹೋಗುತ್ತದಲ್ಲ! "ಅಬ್ಬ, ಬೀದಿ ಎಷ್ಟು ಚೊಕ್ಕಟವಾಯ್ತು!" ಅಂತ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾರೆ.

ಕೊಚ್ಚಿಕೊಂಡು ಎಲ್ಲಿಗೆ ಹೋಗುತ್ತದೆ? ನಮ್ಮ ಬೀದಿ ಇಳಿಜಾರು. ಅದರ ತುದಿಯಲ್ಲಿ ಒಂದು ಗೋಕಟ್ಟೆ ಇದೆ. ದನಕುರಿಗಳು ನೀರು ಕುಡಿಯಲಿ ಅಂತ ಹಿಂದಿನವರು ತೋಡಿಸಿದ ಹೊಂಡ. ಬೀದಿಯ ಮಳೆನೀರೆಲ್ಲ ಸೀದಾ ಅದರೊಳಗೆ ಇಳಿಯುತ್ತದೆ. ನಮ್ಮತ್ತೆ ಮಾತಿನಲ್ಲಿ ಹೇಳುವುದಾದರೆ, "ಇದು ಚರಂಡಿ ಅಲ್ಲ ಕಣೇ, ಕಾಲುವೆ. ನಾವು ಮೇಲಿದ್ದೀವಿ, ಕುರಿ ಕೆಳಗಿದಾವೆ, ಅಷ್ಟೇ."

ಅವರಿಗೆ ಕುರಿಯ ಚಿಂತೆ ಯಾಕೆ ಅಂದರೆ ಅವರ ತವರು ದೇವಸಮುದ್ರದ ಕಡೆ, ಕುರಿ ಕಾಯುವ ಮನೆತನ. ಅವರ ತಮ್ಮ ಈಗಲೂ ಕುರಿ ಹೊಡೆದುಕೊಂಡು ಊರೂರು ತಿರುಗುವವರು. ಬಿಸಿಲುಗಾಲ ಮುಗಿಯುವ ಹೊತ್ತಿಗೆ, ಬಿತ್ತನೆಗೆ ಮುಂಚೆ, ಗೊಬ್ಬರಕ್ಕೆ ಅಂತ ಚಳ್ಳಕೆರೆ ಸುತ್ತಿನ ಹೊಲಗಳಲ್ಲಿ ಮಂದೆ ನಿಲ್ಲಿಸಲು ಬರುತ್ತಾರೆ. ಆಗ ಅವರ ಕುರಿಗಳಿಗೆಲ್ಲ ನೀರು ಇದೇ ಗೋಕಟ್ಟೆಯದು. ಅವರ ಮನೆತನದಲ್ಲಿ ಒಂದು ಪದ್ಧತಿ ಇದೆ. ಎಲ್ಲೇ ಹೊಸ ನೀರು ಕಂಡರೂ ಕುರಿಯನ್ನು ಮೊದಲು ಬಿಡುವುದಿಲ್ಲ. ಕಾಯುವವನು ಮುಂದೆ ಹೋಗಿ, ಬಗ್ಗಿ, ಒಂದು ಬೊಗಸೆ ತಾನು ಕುಡಿಯಬೇಕು. ನೀರು ಸರಿ ಇದ್ದರೆ ಆಮೇಲೆ ಮಂದೆ. ಯಾಕೆ ಅಂತ ನಾನೊಮ್ಮೆ ಕೇಳಿದ್ದಕ್ಕೆ ಅತ್ತೆಯ ತಮ್ಮ ಅಂದಿದ್ದರು: "ಕುರಿ ಬಾಯಿಲ್ಲದ ಜೀವ ಕಣವ್ವ. ನೀರು ಕೆಟ್ಟೈತೆ ಅಂತ ಹೇಳಕ್ಕೆ ಬರಲ್ಲ ಅದಕ್ಕೆ. ಬಾಯಿರೋರು ಮೊದ್ಲು ಕುಡೀಬೇಕು."

ಅಲ್ಲಿಗೆ ಲೆಕ್ಕ ಸರಿಹೋಯಿತಲ್ಲ! ಬೀದಿಯವರು ಚರಂಡಿಗೆ ಏನೇ ಎಸೆಯಲಿ, ನಮ್ಮತ್ತೆಯ ಕಣ್ಣಿಗೆ ಅದು ಬೀಳುತ್ತಿದ್ದದ್ದು ಚರಂಡಿಗಲ್ಲ, ಅವರ ತಮ್ಮನ ಬೊಗಸೆಗೆ.

ಹಾಗಂತ ಅವರು ಜಗಳಗಂಟಿ ಅಂತ ತಿಳಿಯಬೇಡಿ. ಜಗಳವಾಡಿದ್ದರೆ ಜನ ಹೇಗೋ ತಡೆದುಕೊಳ್ಳುತ್ತಿದ್ದರು. ಅವರದ್ದು ಮರ್ಯಾದೆ! ಬೆಳಿಗ್ಗೆ ಎದ್ದು, ಮೂಲೆಯಿಂದ ಮೂಲೆಗೆ ಚರಂಡಿ ಗುಡಿಸಿ, ಯಾರದ್ದು ಯಾವುದು ಅಂತ ಬೇರೆ ಮಾಡಿ, ಮನೆಮನೆಗೆ ಹೋಗಿ, "ನಿಮ್ದು ಬಿದ್ದಿತ್ರಿ, ತಗೊಳ್ರಿ," ಅಂತ ಎರಡೂ ಕೈಯಲ್ಲಿ ಕೊಟ್ಟು ಬರುತ್ತಿದ್ದರು. ಕಳೆದುಹೋದ ಓಲೆ ಸಿಕ್ಕಿತು ಅನ್ನುವಷ್ಟು ಸಂತೋಷದಿಂದ! ಪಕ್ಕದ ಮನೆಯ ಬ್ಯಾಂಕಿನವರು ಭಾನುವಾರ ಸೋಪಿನ ನೊರೆ ಹಾಕಿ ಬೀದಿಯಲ್ಲಿ ಸ್ಕೂಟರ್ ತೊಳೆದರೆ, ಇವರು ಸ್ಕೂಟರನ್ನೇ ತಳ್ಳಿಕೊಂಡು ಹೋಗಿ ಬೇವಿನ ಮರದ ಕೆಳಗೆ ಮಣ್ಣಿನ ಮೇಲೆ ನಿಲ್ಲಿಸುತ್ತಿದ್ದರು. "ಇಲ್ಲಿ ತೊಳೀರಿ. ನೆರಳೂ ಐತೆ, ಮರಕ್ಕೆ ನೀರೂ ಆಗ್ತದೆ." ಬ್ಯಾಂಕಿನವರು ಚಡ್ಡಿಯಲ್ಲಿ ಬಕೆಟ್ ಹಿಡಿದು ಹಿಂದೆ ಓಡುವುದನ್ನು ನೋಡಲು ಬೀದಿಯ ಹೆಂಗಸರು ಭಾನುವಾರ ಬೇಗ ಕೆಲಸ ಮುಗಿಸುತ್ತಿದ್ದರು.

ಎದುರುಮನೆ ಟೀಚರಮ್ಮನ ಕಥೆಯಂತೂ ಹೇಳಬಾರದು, ಆದರೂ ಹೇಳುತ್ತೇನೆ. ಅವರ ಮನೆಯಲ್ಲಿ ಒಂದು ಬಿಳಿ ಪಾಮೇರಿಯನ್ ನಾಯಿ. ಆ ಕಾಲಕ್ಕೆ ಟಿವಿ ಇಟ್ಟವರೆಲ್ಲ ಪಾಮೇರಿಯನ್ನೂ ಇಡುತ್ತಿದ್ದರು. ಅದು ದಿನಾ ನಮ್ಮ ಚರಂಡಿಯ ಅಂಚಿಗೇ ಬಂದು ತನ್ನ ಬೆಳಗಿನ ಕಾರ್ಯ ಮುಗಿಸುತ್ತಿತ್ತು. ಅತ್ತೆ ಒಂದು ದಿನ ಅದನ್ನು ಮುತ್ತುಗದ ಎಲೆಯಲ್ಲಿ ಅಚ್ಚುಕಟ್ಟಾಗಿ ಮಡಚಿ, ಬಾಳೆನಾರು ಸುತ್ತಿ, ವಾಪಸು ಕೊಡಲು ಹೊರಟರು. ನಾನು, "ಅತ್ತೆ, ಬ್ಯಾಡ್ರಿ," ಅಂತ ಸೆರಗು ಹಿಡಿದು ಎಳೆದೆ. ಕೇಳಿದರೆ ತಾನೇ! ಟೀಚರಮ್ಮನ ಮನೆ ಜಗಲಿಯ ಮೇಲೆ ಅವತ್ತೇ ಊರಿನಿಂದ ಬಂದ ಅವರ ವಯಸ್ಸಾದ ಮಾವ ಕೂತಿದ್ದರು. "ಮನೆಯವ್ರಿಗೆ ಕೊಡ್ರಿ ಯಜಮಾನ್ರೇ, ಅವ್ರದ್ದೇ," ಅಂತ ಅತ್ತೆ ಎರಡೂ ಕೈಯಲ್ಲಿ ಕೊಟ್ಟರು. ಮುತ್ತುಗದ ಎಲೆ, ಬಾಳೆನಾರು, ಎರಡೂ ಕೈ! ಪಾಪ, ಆ ಹಿರಿಯರು ಅದನ್ನು ಕಣ್ಣಿಗೊತ್ತಿಕೊಂಡು ಸೀದಾ ದೇವರ ಮನೆಗೆ ಹೋದರು.

ಮುಂದಿನದನ್ನು ನಾನು ಹೇಳುವುದಿಲ್ಲ. ಆ ಮನೆಯವರು ಹದಿನೈದು ದಿನ ನಮ್ಮ ಜೊತೆ ಮಾತು ಬಿಟ್ಟಿದ್ದರು ಅಂತ ಮಾತ್ರ ಹೇಳಬಲ್ಲೆ. ಪಾಮೇರಿಯನ್ ಮಾತ್ರ ಆಮೇಲೆ ಅವರ ಹಿತ್ತಲಿಗೇ ಹೋಗಲು ಕಲಿಯಿತು.

ನಮ್ಮ ಮಾವ ಕಡಿಮೆ ಮಾತಿನವರು. ಸಂಜೆ ಮಿಲ್ಲಿನಿಂದ ಬಂದು, ಗೋಡೆಗೆ ಒರಗಿ, ಹೆಂಡತಿ ಚರಂಡಿಯ ಮೂಲೆಯನ್ನು ಕಡ್ಡಿಯಿಂದ ಕೆದಕಿ ಕೆದಕಿ ಚೊಕ್ಕ ಮಾಡುವುದನ್ನು ನೋಡುತ್ತ ಬೀಡಿ ಹಚ್ಚುತ್ತಿದ್ದರು. "ನನ್ನ ಬೆನ್ನು ಒಂದಿನ ಹಿಂಗೆ ಉಜ್ಜಿದ್ಯೇನೇ?" ಅಂತ ಒಮ್ಮೆ ಕೇಳಿದರು. "ನಿಮ್ಮ ಬೆನ್ನು ಗೋಕಟ್ಟೆಗೆ ಹೋಗಲ್ವಲ್ಲ," ಅಂದರು ಅತ್ತೆ. ಮಾವ ಸೇದಿದ ಬೀಡಿ ತುಂಡನ್ನು ಎಲ್ಲಿಗೆ ಹಾಕಬೇಕು ಅಂತ ತಿಳಿಯದೆ ಜೇಬಿಗೆ ಹಾಕಿಕೊಂಡರು. ಅಂಗಿಗೊಂದು ತೂತು ಬಿತ್ತು.

ಆದರೆ ಗಟ್ಟಿಕುಳ ಅಂದರೆ ಮೂಲೆಯ ಗ್ಯಾರೇಜಿನ ಸಾಬರು. ಲಾರಿ, ಟ್ರ್ಯಾಕ್ಟರ್ ರಿಪೇರಿ ಅವರದ್ದು. ಇಂಜಿನ್ನಿನಿಂದ ಇಳಿಸಿದ ಕರಿ ಎಣ್ಣೆಯನ್ನು ಚರಂಡಿಗೆ ಸುರಿದು, ಡಬ್ಬ ಕವುಚಿಟ್ಟು, ಚಹಾಕ್ಕೆ ಹೋಗುವುದು ಅವರ ದಿನಚರಿ. ಎಣ್ಣೆಯನ್ನು "ನಿಮ್ದು ಬಿದ್ದಿತ್ರಿ" ಅಂತ ಎತ್ತಿಕೊಟ್ಟು ಬರಲು ಆಗುತ್ತದೆಯೇ? ಅತ್ತೆ ಮನೆಯಿಂದ ಒಂದು ಲೋಟ ತೆಗೆದುಕೊಂಡು ಹೋದರು.

"ಏನಮ್ಮಾ, ಚಾ ಬೇಕಾ?" ಅಂದರು ಸಾಬರು.

"ಚಾ ಬ್ಯಾಡಪ್ಪ. ಆ ಎಣ್ಣೆ ಒಂದು ಲೋಟ ಹಾಕ್ಕೊಡು."

"ಕಾಯ್ಕೂ? ಬಾಗಿಲಿಗೆ ಹಚ್ಚಾಕಾ?"

"ಕುಡೀತೀನಿ."

ಸಾಬರ ಕೈಯಲ್ಲಿದ್ದ ಸ್ಪ್ಯಾನರ್ ಕಾಲ ಮೇಲೆ ಬಿತ್ತು. "ತೋಬಾ ತೋಬಾ! ಸತ್ತೋಗ್ತೀಯಮ್ಮಾ!"

"ಹಂಗಾರೆ ನನ್ನ ತಮ್ಮನಿಗೆ ಯಾಕಪ್ಪ ಕುಡಿಸ್ತೀಯ? ಅವನೇನು ಮಾಡಿದಾನೆ ನಿಂಗೆ?"

ಸಾಬರು ಅವರ ತಮ್ಮನನ್ನು ಕಂಡವರೇ ಅಲ್ಲ. ಅತ್ತೆ ಅಲ್ಲೇ ಮಣ್ಣಿನ ಮೇಲೆ ಕೂತು ಗೋಕಟ್ಟೆ, ಕುರಿ, ಬೊಗಸೆ ಎಲ್ಲ ಹೇಳಿದರು. ಹೇಳಿ ಮುಗಿಸಿ ಲೋಟವನ್ನು ಅಲ್ಲೇ ಕಿಟಕಿಯ ಮೇಲೆ ಇಟ್ಟು ಬಂದರು, ನೆನಪಿಗಿರಲಿ ಅಂತ. ಮಾರನೆಯ ದಿನವೇ ಗ್ಯಾರೇಜಿನ ಮುಂದೆ ಒಂದು ದೊಡ್ಡ ತಗಡಿನ ಡಬ್ಬ ಬಂತು. ಕರಿ ಎಣ್ಣೆ ಅದಕ್ಕೆ. ಗಾಡಿ ಕೀಲಿಗೆ, ಗೆದ್ದಲು ಹಿಡಿದ ತೊಲೆಗೆ ಬೇಕು ಅಂತ ಹಳ್ಳಿಯವರು ಕೇಳಿ ಒಯ್ಯತೊಡಗಿದರು. ಸಾಬರು ಮಾತ್ರ ಅತ್ತೆಯನ್ನು ಕಂಡಾಗಲೆಲ್ಲ, "ಅಮ್ಮಾ, ಲೋಟ ತುಂಬಿಸ್ಲಾ?" ಅಂತ ಕಿಚಾಯಿಸುವುದನ್ನು ಬಿಡಲಿಲ್ಲ.

ಹೀಗೆ ಒಂದೊಂದೇ ಮನೆ ದಾರಿಗೆ ಬಂದು, ನಮ್ಮ ಬೀದಿಯ ಚರಂಡಿ ತಟ್ಟೆ ಹಾಕಿ ಉಣ್ಣುವಷ್ಟು ಚೊಕ್ಕಟವಾಯಿತು ಅನ್ನಿ. ಜನಕ್ಕೆ ಪ್ರೀತಿ ಬಂದು ಹಾಗೆ ಮಾಡಿದರು ಅಂತಲ್ಲ. ಬೆಳಗಾಗೆದ್ದು ಯಾರು ಆ ಮರ್ಯಾದೆ ಮಾಡಿಸಿಕೊಳ್ಳುತ್ತಾರೆ? ಈ ಚರಂಡಿ ಅಮ್ಮನವರು ತಾವೇ ಒಂದೇ ಒಂದು ಸಲ ಸಿಕ್ಕಿಬೀಳಲಿ, ಒಂದೇ ಒಂದು ಸಲ, ಅಂತ ಬೀದಿಗೆ ಬೀದಿಯೇ ದೇವರಿಗೆ ಹರಕೆ ಹೊತ್ತಿತ್ತು ಅಂತ ನನ್ನ ಗುಮಾನಿ. ದೇವರು ಆ ಹರಕೆಯನ್ನು ಒಪ್ಪಿಸಿಕೊಂಡದ್ದು ನಮ್ಮಪ್ಪನ ಕೈಯಿಂದ.

ಆ ವರ್ಷ ಬಿಸಿಲು ಬಹಳ. ಗೋಕಟ್ಟೆ ತಳ ಕಂಡು ಬಿರುಕು ಬಿಟ್ಟಿತ್ತು. ಅತ್ತೆಯ ತಮ್ಮ ಮಂದೆ ಹೊಡೆದುಕೊಂಡು ಬಂದಿದ್ದರು. ಹಿಂದಿನ ದಿನ ಯಾವುದೋ ತೋಟದ ಬಾವಿಯಲ್ಲಿ ಕುರಿಗಳಿಗೆ ಅರ್ಧ ಹೊಟ್ಟೆ ನೀರಾಗಿತ್ತಷ್ಟೆ. ಇವತ್ತೋ ನಾಳೆಯೋ ಮಳೆ ಬರುತ್ತದೆ, ಗೋಕಟ್ಟೆ ತುಂಬುತ್ತದೆ ಅನ್ನುವುದೊಂದೇ ಅವರ ಆಸೆ. ಅವರು ಬಂದ ದಿನವೇ ನನ್ನನ್ನು ನೋಡಿಕೊಂಡು ಹೋಗಲು ನಮ್ಮಪ್ಪನೂ ಮೊಳಕಾಲ್ಮೂರಿಂದ ಬಂದರು. ಬರಿಗೈಯಲ್ಲಿ ಹೇಗೆ ಬರುವುದು ಅಂತ, ಮಾಲೀಕರನ್ನು ಕೇಳಿ, ಮಿಕ್ಕಿದ್ದ ಕಡುಗುಲಾಬಿಯ ರಾಣಿ ಬಣ್ಣದ ಪುಡಿಯನ್ನು ಡಬ್ಬದಲ್ಲಿ ತುಂಬಿಸಿಕೊಂಡು ಬಂದಿದ್ದರು. ಉಣ್ಣೆ ಕತ್ತರಿಸಿದ ಮೇಲೆ ಕುರಿಗಳ ಮೇಲಿನ ಹಳೇ ಗುರುತು ಹೋಗಿದೆ, ಬೇರೆ ಮಂದೆಯ ಜೊತೆ ಸೇರಿದರೆ ಯಾವುದು ಯಾರದ್ದು ತಿಳಿಯುವುದಿಲ್ಲ ಅಂತ ಅತ್ತೆ ಹಿಂದೊಮ್ಮೆ ಹೇಳಿದ್ದು ಅವರ ನೆನಪಿನಲ್ಲಿತ್ತು.

"ರೇಷ್ಮೆಗೆ ಹಾಕೋ ಬಣ್ಣ ಬೀಗ್ರೇ. ಸೀರೆ ಹರಿದು ಹೋಗ್ತದೆ, ಬಣ್ಣ ಹೋಗಲ್ಲ!" ಅಂದರು ನಮ್ಮಪ್ಪ ಎದೆಯುಬ್ಬಿಸಿ.

ಅತ್ತೆಯ ಮುಖ ಅರಳಿತು. ತವರಿನ ಮಂದೆಗೆ ರೇಷ್ಮೆಯ ಬಣ್ಣ! ಹೊಲದಲ್ಲಿ ಹಾಕಿದರೆ ಯಾರು ನೋಡುತ್ತಾರೆ? "ಬೀದಿಗೇ ಹೊಡ್ಕಂಡು ಬಾರೋ," ಅಂತ ತಮ್ಮನಿಗೆ ಹೇಳಿದರು. ಬೀದಿಯಲ್ಲಿ ಸ್ಕೂಟರ್ ತೊಳೆಯಬಾರದು, ಕುರಿಗೆ ಬಣ್ಣ ಹಚ್ಚಬಹುದು! ತವರಿನ ಮಾತು ಬಂದರೆ ಯಾವ ಹೆಣ್ಣಿಗೆ ಕಾಯಿದೆ ಕಾನೂನು ನೆನಪಿರುತ್ತದೆ ಹೇಳಿ?

ಬೀದಿ ತುಂಬ ಕುರಿ. ನಮ್ಮಪ್ಪ ಬಕೆಟ್ಟಿನ ನೀರಿಗೆ ಪುಡಿ ಕದಡಿ ಕೊಟ್ಟರು. ಅತ್ತೆ ಸೆರಗು ಸಿಕ್ಕಿಸಿ, ಅಂಗೈ ಅದ್ದಿ, ಒಂದೊಂದು ಕುರಿಯ ಬೆನ್ನಿಗೆ ಬಡಿದು, ಹಣೆಗೆ ಹೆಬ್ಬೆಟ್ಟು ಒತ್ತಿ, "ಇದು ನಮ್ದು... ಇದೂ ನಮ್ದು..." ಅಂತ ಮುಂದೆ ಬಿಡುತ್ತಿದ್ದರು. ಹಿಕ್ಕೆ ಬಿದ್ದ ಕೂಡಲೇ ನಾನು ಗುಡಿಸಿ ಬುಟ್ಟಿಗೆ ತುಂಬಬೇಕು, ಅದು ನನ್ನ ಪಾಲಿನ ಸೇವೆ. ಜನ ಜಗಲಿಗಳ ಮೇಲೆ ನಿಂತು ನೋಡುತ್ತಿದ್ದರು. ಇರುವೆ ಮೊಟ್ಟೆ ಹೊತ್ತು ಸಾಗಿದರೆ ಮಳೆ, ಗುಬ್ಬಿ ಮಣ್ಣಲ್ಲಿ ಮಿಂದರೆ ಮಳೆ ಅಂತ ಬೀದಿಗೆಲ್ಲ ಪಂಚಾಂಗ ಹೇಳುತ್ತಿದ್ದ ನಮ್ಮತ್ತೆ ಅವತ್ತು ತಲೆ ಎತ್ತಿ ಮುಗಿಲನ್ನೇ ನೋಡಲಿಲ್ಲ.

ಕೊನೆಯ ಕುರಿಯ ಹಣೆಗೆ ಹೆಬ್ಬೆಟ್ಟು ಒತ್ತಿದ್ದೇ ತಡ, ಧೋ!

ಎಂಥ ಮಳೆ ಅಂತೀರಿ! ಜನ ಹೋ ಅಂತ ಒಳಗೆ ಓಡಿ, ಇದ್ದಬದ್ದ ಕೊಡ, ಪಾತ್ರೆ, ಬಕೆಟ್ಟು ತಂದು ಸೂರಿನ ಕೆಳಗೆ ಇಟ್ಟರು. ನಲ್ಲಿಯಲ್ಲಿ ನೀರು ಯಾವತ್ತು ಬಂದೀತೋ ಯಾರಿಗೂ ಗೊತ್ತಿಲ್ಲದ ಊರು. ಸಾಲದ್ದಕ್ಕೆ ಮಳೆನೀರಲ್ಲಿ ಬೇಳೆ ಬೆಣ್ಣೆಯಂತೆ ಬೇಯುತ್ತದೆ ಅಂತ ಹೆಂಗಸರಿಗೆ ಆಸೆ. ಕುರಿಗಳಿಗೆ ಓಡಲು ಜಾಗವಿಲ್ಲ. ನಿಂತಲ್ಲೇ ನೆಂದವು. ರೇಷ್ಮೆಯ ಬಣ್ಣ ಅನ್ನುವುದು ಬೆನ್ನಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ಕಾಲಿಗೆ, ಕಾಲಿನಿಂದ ಬೀದಿಗೆ ಇಳಿಯಿತು. ಬಕೆಟ್ಟು ಬೇರೆ ಗಾಬರಿಯಲ್ಲಿ ಮಗುಚಿಕೊಂಡಿತು. ಯಾವ ಚರಂಡಿಯನ್ನು ನಮ್ಮತ್ತೆ ಇಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದರೋ, ಅದೇ ಚರಂಡಿಯಲ್ಲಿ, ಒಂದು ಕಡ್ಡಿಯ ಅಡ್ಡಿಯೂ ಇಲ್ಲದೆ, ರಾಣಿ ಬಣ್ಣ ಸರಾಗವಾಗಿ ಗೋಕಟ್ಟೆಗೆ ಹರಿದುಹೋಯಿತು.

ಮಳೆ ನಿಂತಿತು. ಅತ್ತೆ ನಮ್ಮಪ್ಪನ ಕಡೆ ತಿರುಗಿದರು. "ಹೋಗಲ್ಲ ಅಂದ್ರಲ್ರಿ?"

"ಬಣ್ಣ ಕಚ್ಚಬೇಕು ಅಂದ್ರೆ ಕುದಿಯೋ ನೀರಲ್ಲಿ ಅದ್ದಬೇಕು ಬೀಗ್ರೇ," ಅಂದರು ನಮ್ಮಪ್ಪ ಸಣ್ಣ ದನಿಯಲ್ಲಿ.

"ಮೊದ್ಲೇ ಯಾಕ್ರಿ ಹೇಳ್ಲಿಲ್ಲ?"

"ಕುರೀನ ಹೆಂಗ್ರಿ ಕುದಿಸೋದು?"

ಅಷ್ಟರಲ್ಲಿ ಬೀದಿ ಹೊರಗೆ ಬಂತು. ಮುಂದಾಳು ಟೀಚರಮ್ಮ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಲೋಟ, ಲೋಟದ ಮೇಲೆ ಮುತ್ತುಗದ ಎಲೆ! ಎಷ್ಟು ದಿನದಿಂದ ಎತ್ತಿಟ್ಟಿದ್ದರೋ ಆ ಎಲೆಯನ್ನು. ಎಲೆ ಸರಿಸಿದರೆ ಒಳಗೆ ರಾಣಿ ಬಣ್ಣದ ಚರಂಡಿ ನೀರು. ಎರಡೂ ಕೈಯಲ್ಲಿ ಚಾಚಿ, "ನಿಮ್ದು ಬಿದ್ದಿತ್ರಿ, ತಗೊಳ್ರಿ," ಅಂದರು. ಹೋ ಅಂತ ನಗು! ಬ್ಯಾಂಕಿನವರು ನಕ್ಕು ನಕ್ಕು ಬೇವಿನ ಮರ ಹಿಡಿದುಕೊಂಡರು. ನಮ್ಮ ಮಾವ ಕೂಡ ಮುಖ ಆ ಕಡೆ ತಿರುಗಿಸಿಕೊಂಡು ಹೆಗಲು ಕುಣಿಸುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನನಗೂ ತಡೆಯಲಾಗಲಿಲ್ಲ.

ಅತ್ತೆ ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. "ಹೂಂ ಕಣವ್ವ. ನಮ್ದೇ," ಅಂದರು. ಆ ದನಿ ಕೇಳಿ ನಗು ಒಂದೊಂದೇ ಬಾಯಲ್ಲಿ ನಿಂತಿತು.

ಆಗ ಕೇಳಿಸಿದ್ದು ಕುರಿಗಳ ಕೂಗು. ನೀರಿನ ವಾಸನೆ ಹಿಡಿದು ಅಷ್ಟೂ ಕುರಿ ಇಳಿಜಾರಿಗೆ ಮುಖ ಮಾಡಿ ಅರಚುತ್ತಿದ್ದವು. ಅತ್ತೆಯ ತಮ್ಮ ಕೋಲು ಎತ್ತಿಕೊಂಡು ಮುಂದೆ ಹೊರಟಿದ್ದರು, ಪದ್ಧತಿಯ ಪ್ರಕಾರ, ಮೊದಲ ಬೊಗಸೆ ಕುಡಿಯಲು. ಅತ್ತೆ ಲೋಟ ಬಿಸಾಕಿ ಓಡಿದರು. ನಾವೂ ಹಿಂದೆ ಓಡಿದೆವು. ಗೋಕಟ್ಟೆಯ ದಂಡೆಯಲ್ಲಿ, ಬಗ್ಗಿದ್ದ ತಮ್ಮನ ರಟ್ಟೆ ಹಿಡಿದು ಎಳೆದರು.

"ಬ್ಯಾಡ ಕಣೋ!"

"ಬಿಡಕ್ಕ. ಕುರಿ ಬಾಯಾರಿ ಸಾಯ್ತಾವೆ. ಒಂದು ಗುಟುಕು ನೋಡ್ತೀನಿ."

ಅತ್ತೆ ನಮ್ಮಪ್ಪನ ಮುಖ ನೋಡಿದರು. "ಕುಡಿದ್ರೆ ಏನಾಗ್ತದ್ರಿ?"

"ಗೊತ್ತಿಲ್ಲ ಬೀಗ್ರೇ. ಕೈಗೆ ಹತ್ತಿದ್ರೆ ವಾರಗಟ್ಟಲೆ ಹೋಗಲ್ಲ. ಹೊಟ್ಟೆಗೆ ಹೋದ್ರೆ ಏನೋ... ನಾವ್ಯಾರೂ ಕುಡಿದು ನೋಡಿಲ್ಲ."

ನಮ್ಮತ್ತೆ ದಂಡೆಯ ಮೇಲೆ ಕುಸಿದು ಕೂತರು. "ಊರೋರ ಕೈಯೆಲ್ಲ ತಡೆದೆ, ನನ್ನ ಕೈಯಿಂದ್ಲೇ ಹಿಂಗಾಯ್ತಲ್ಲೋ," ಅಂತ ಹಣೆ ಬಡಿದುಕೊಂಡರು. ಚರಂಡಿಯ ವಿಷಯಕ್ಕೆ ಅವರು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಮನೆಗೆ ಓಡಿ, ಸೂರಿನ ಕೆಳಗೆ ತುಂಬಿದ್ದ ನಮ್ಮ ಕೊಡ ಎತ್ತಿಕೊಂಡು ಬಂದೆ. ನನ್ನ ಗಂಡ ಬಕೆಟ್ ತಂದರು. ಅಷ್ಟು ದೊಡ್ಡ ಮಂದೆಗೆ ಅದು ಯಾವ ಮೂಲೆಗೆ? ಹಾಕಲು ತೊಟ್ಟಿಯೂ ಇಲ್ಲ.

ಅಷ್ಟರಲ್ಲಿ ಮೇಲಿನಿಂದ ದಡಬಡ ಸದ್ದು. ಗ್ಯಾರೇಜಿನ ಸಾಬರು ಲಾರಿ ಟೈರನ್ನು ಉದ್ದಕ್ಕೆ ಸೀಳಿ ತೊಟ್ಟಿಯಂತೆ ಮಾಡಿದ್ದನ್ನು ಉರುಳಿಸಿಕೊಂಡು ಬರುತ್ತಿದ್ದರು. ದನ ಸಾಕಿದವರು ಯಾರೋ ನೀರಿಡಲು ಹೇಳಿ ಮಾಡಿಸಿದ್ದಂತೆ ಅದು. "ಪಹಲೇ ಇದಕ್ಕೆ ಹಾಕ್ರಿ," ಅಂದು ಇನ್ನೊಂದನ್ನು ತರಲು ಓಡಿದರು. ಹಿಂದೆಯೇ ಬ್ಯಾಂಕಿನವರು, ಎರಡೂ ಕೈಯಲ್ಲಿ ಬಕೆಟ್ಟು. ಅವರ ಹಿಂದೆ ಟೀಚರಮ್ಮ! ನಲ್ಲಿಯ ಹತ್ತಿರ ಅರ್ಧ ಕೊಡ ನೀರಿಗೆ ಜುಟ್ಟು ಹಿಡಿಯಲು ಹೋಗುತ್ತಿದ್ದ ಟೀಚರಮ್ಮ, ಬೇಳೆಗೆ ಅಂತ ಹಿಡಿದಿಟ್ಟ ಮಳೆನೀರಿನ ಹಿತ್ತಾಳೆ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಂಡು, ಏದುಸಿರು ಬಿಡುತ್ತ, ಕೆಸರಿನಲ್ಲಿ ಇಳಿದು ಬಂದರು. ಆಮೇಲೆ ಯಾರು ಬಂದರು, ಯಾರು ಬರಲಿಲ್ಲ ಅಂತ ಹೇಳುವಂತಿರಲಿಲ್ಲ. ಸೂರಿನ ನೀರು ಮುಗಿದ ಮೇಲೆ ಅಡುಗೆಮನೆಯಲ್ಲಿ ಮುಚ್ಚಿಟ್ಟಿದ್ದ ನೀರೂ ಬಂತು.

ಟೈರು ತುಂಬಿತು. ಅತ್ತೆಯ ತಮ್ಮ ಕೋಲು ಕೆಳಗಿಟ್ಟು, ಪೇಟ ಸರಿಮಾಡಿಕೊಂಡು ಬೊಗಸೆ ಒಡ್ಡಿದರು.

"ಠೈರೋ ಭಾಯಿ!" ಅಂದರು ಸಾಬರು. "ಈ ನೀರು ನಮ್ ಬೀದೀದು. ಮೊದ್ಲು ನಾವು ಕುಡೀಬೇಕು. ಹೌದಲ್ಲ ಅಮ್ಮಾ?"

ಬಗ್ಗಿ, ಬೊಗಸೆ ತುಂಬಿಸಿ, ಗಟಗಟ ಕುಡಿದೇ ಬಿಟ್ಟರು. ಮುಖ ಕಿವುಚಿದರು. "ಟೈರ್ ವಾಸನೆ ಐತೆ. ಬಾಕಿ ಸಬ್ ಠೀಕ್!" ಆಮೇಲೆ ಬ್ಯಾಂಕಿನವರು ಕುಡಿದರು. ಆಮೇಲೆ, ಮನೆಯಲ್ಲಿ ನೀರನ್ನು ಕಾಯಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ ಕುಡಿಯುವ ಟೀಚರಮ್ಮ ಕಣ್ಣು ಮುಚ್ಚಿಕೊಂಡು ಆ ಟೈರಿನಿಂದ ಒಂದು ಬೊಗಸೆ ಎತ್ತಿದರು. ನಮ್ಮಪ್ಪ ಬಣ್ಣದ ಕೈಯನ್ನು ಅದ್ದಲು ಹೆದರಿ ಬಾಯನ್ನೇ ಇಟ್ಟರು. ಕೊನೆಗೆ ಅತ್ತೆಯ ತಮ್ಮ ಕುಡಿದು, ತುಟಿ ಒರೆಸಿಕೊಂಡು, ಕುರಿಗಳ ಕಡೆ ತಿರುಗಿ, "ಹ್ಞಾ, ಬರ್ರಿ," ಅಂದರು. ಕುರಿಗಳು ನುಗ್ಗಿದವು. ಮುಂದಿನ ದೊಡ್ಡ ಮಳೆ ಬಂದು ಗೋಕಟ್ಟೆ ತುಂಬಿ ಕೋಡಿ ಹರಿದು, ನೀರು ತಿಳಿಯಾಗುವವರೆಗೆ ಆ ಟೈರುಗಳು ಅಲ್ಲೇ ಇದ್ದವು. ದಿನಾ ತುಂಬಿಯೂ ಇದ್ದವು.

ನಮ್ಮತ್ತೆ ದಂಡೆಯ ಮೇಲೆ ಕೂತೇ ಇದ್ದರು. ಯಾವಾಗಲೂ ನೆಲ ನೋಡಿಕೊಂಡೇ ಬೀದಿಯಲ್ಲಿ ನಡೆದವರು, ಅವತ್ತು ತಲೆ ಎತ್ತಿ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದರು. ಸಾಬರದ್ದು, ಟೀಚರಮ್ಮನದ್ದು, ಬ್ಯಾಂಕಿನವರದ್ದು. ಹಾಗೆ ನೋಡುತ್ತ ನೋಡುತ್ತ ಎದ್ದು, ಖಾಲಿ ಕೊಡ ಹಿಡಿದು ನಿಂತಿದ್ದ ನನ್ನ ಹತ್ತಿರ ಬಂದು ನಿಂತರು.

"ಏ ಹುಡುಗಿ... ನಿನ್ನ ಗದ್ದದ ಮೇಲೆ ಮಚ್ಚೆ ಐತಲ್ಲೇ!"

ಮದುವೆಯಾಗಿ ಅಷ್ಟು ವರ್ಷ ಒಂದೇ ಸೂರಿನಡಿ ಇದ್ದೇವೆ! "ಈಗ ನೋಡಿದ್ರಾ ಅತ್ತೆ?" ಅಂದೆ.

"ಹೂಂ ಕಣೇ. ನೀರು ಎಲ್ಲಿಗೆ ಚೆಲ್ತೀಯ ಅಂತ ಮಾತ್ರ ನೋಡಿದ್ದೆ."

ಆಮೇಲೆ ಬಣ್ಣ ಹತ್ತಿದ ಹೆಬ್ಬೆಟ್ಟನ್ನು ಆ ಮಚ್ಚೆಯ ಮೇಲೆ ಒತ್ತಿ, "ಇದೂ ನಮ್ದು," ಅಂದರು.

ಕುರಿಗಳ ಮೇಲಿನ ಗುರುತು ಒಂದೇ ಮಳೆಗೆ ಹೋಯಿತು. ನನ್ನದು ಅಷ್ಟು ಬೇಗ ಹೋಗಲಿಲ್ಲ. ಆ ವಾರವೆಲ್ಲ ನಾನು ಮುಖ ತೊಳೆದ ನೀರನ್ನು ನುಗ್ಗೆಗಿಡಕ್ಕೇ ಚೆಲ್ಲಿದೆ. ಗದ್ದಕ್ಕೆ ಮಾತ್ರ ಸೋಪು ಹಚ್ಚಲಿಲ್ಲ.